ಫ್ರೀ ಸೀಟಿನ ಅಪ್ಪ, ಪೇಮೆಂಟ್ ಸೀಟಿನ ಮಗಳು

ಅಮೆರಿಕದಲ್ಲಿ ಡಾಕ್ಟರಾಗಬೇಕೆಂದರೆ ಮೊದಲು ನಾಲ್ಕು ವರ್ಷ ಬೇರೆ ಏನನ್ನಾದರೂ ಓದಬೇಕು. ಇತಿಹಾಸ ಓದಿ, ಪಿಟೀಲು ಕಲಿಯಿರಿ, ಯಾರ ಅಭ್ಯಂತರವೂ ಇಲ್ಲ. ಅದರ ಸಂದಿಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸಿನ ಒಂದಷ್ಟು ಕೋರ್ಸು ತೂರಿಸಿ ಮುಗಿಸಿರಬೇಕು, ಅಷ್ಟೆ; ಇದರ ಹೆಸರು ಪ್ರೀಮೆಡ್. ಆಮೇಲೆ ಎಂಕ್ಯಾಟ್ ಎಂಬ ಏಳೂವರೆ ಗಂಟೆಯ ಪರೀಕ್ಷೆ. ಆಮೇಲೆ ಅರ್ಜಿ. ಆಮೇಲೆ, ಹಣೆಯಲ್ಲಿ ಬರೆದಿದ್ದರೆ, ಮೆಡಿಕಲ್ ಕಾಲೇಜಿನ ನಾಲ್ಕು ವರ್ಷ. ಈ ಏರ್ಪಾಡಿಗೆ ಬುನಾದಿ ಹಾಕಿದವರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಒಬ್ಬ. ಆತ ಡಾಕ್ಟರಲ್ಲ, ಮೇಷ್ಟರು. ಅಮೆರಿಕ, ಕೆನಡಾಗಳ 155 ಮೆಡಿಕಲ್ ಕಾಲೇಜುಗಳನ್ನು ಸುತ್ತಿ ಬಂದು, ಇವುಗಳಲ್ಲಿ ಬಹುಪಾಲು ಮುಚ್ಚಿದರೇ ಲೋಕಕ್ಕೆ ಒಳ್ಳೆಯದು ಎಂದು 1910ರಲ್ಲಿ ವರದಿ ಬರೆದ. ಸೇರುವವರು ಕನಿಷ್ಠ ಎರಡು ವರ್ಷವಾದರೂ ಕಾಲೇಜು ಓದಿರಲಿ ಎಂದ. ಎರಡು ಹೋಗಿ ನಾಲ್ಕಾಯಿತು. ಈ ದೇಶದಲ್ಲಿ ಯಾವುದೂ ಚಿಕ್ಕ ಸೈಜಿನಲ್ಲಿ ಉಳಿಯುವುದಿಲ್ಲ.

ತಿಪಟೂರಿನಿಂದ ವಾಟ್ಸಾಪಿನಲ್ಲಿ ಮಾತಾಡುವ ಅಜ್ಜಿಗೆ ಇದನ್ನು ವಿವರಿಸಲು ಹೊರಟ ಅಪ್ಪನ ಪಾಡು ನೋಡಬೇಕು.

"ಪುಟ್ಟಿ ಡಾಕ್ಟ್ರು ಓದೋಕೆ ಸೇರ್ಕೊಂಡ್ಲಂತೆ?"

"ಇಲ್ಲಮ್ಮ, ಡಾಕ್ಟ್ರು ಓದೋಕೆ ಮುಂಚೆ ಓದ್ಬೇಕಾದ್ದಕ್ಕೆ ಸೇರ್ಕೊತಿದಾಳೆ."

"ಅದನ್ನ ಓದಿದ್ಮೇಲೆ ಡಾಕ್ಟ್ರು ಸೀಟು ಕೊಡ್ತಾರಾ?"

"ಕೊಡ್ಬಹುದು. ಗ್ಯಾರಂಟಿ ಇಲ್ಲ."

"ದುಡ್ಡೆಷ್ಟು?"

ಅಪ್ಪ ಡಾಲರಿನಲ್ಲಿ ಹೇಳಿ ಪಾರಾಗಲು ನೋಡುತ್ತಾನೆ. ಅಜ್ಜಿಯ ಪಕ್ಕ ಕೂತ ತಮ್ಮ ಅದನ್ನು ರೂಪಾಯಿಗೆ ತಿರುಗಿಸಿ ಜೋರಾಗಿ ಹೇಳಿಬಿಡುತ್ತಾನೆ.

"ಗ್ಯಾರಂಟಿ ಇಲ್ದಿರೋದಕ್ಕೆ ಮೂರು ಕೋಟೀನಾ?"

"ನೆಟ್‌ವರ್ಕ್ ಸರಿ ಇಲ್ಲಮ್ಮ, ಆಮೇಲೆ ಮಾಡ್ತೀನಿ."

ಮೂರು ಕೋಟಿ ಎಂಬುದು ಅಜ್ಜಿಯ ಬಾಯಲ್ಲಿ ಬೆಳೆದ ಲೆಕ್ಕವಲ್ಲ. ಹೆಸರುವಾಸಿ ಖಾಸಗಿ ಯೂನಿವರ್ಸಿಟಿಗಳಲ್ಲಿ ಈಗ ಫೀಸು, ಹಾಸ್ಟೆಲು, ಊಟ, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ 90 ಸಾವಿರ ಡಾಲರಿನ ಆಸುಪಾಸು. ನಾಲ್ಕು ವರ್ಷಕ್ಕೆ 3.6 ಲಕ್ಷ. ಟೆಕ್ಸಾಸಿನ ಹುಡುಗಿ ಟೆಕ್ಸಾಸಿನ ಸರ್ಕಾರಿ ಯೂನಿವರ್ಸಿಟಿಗೆ ಹೋದರೆ ಫೀಸು ವರ್ಷಕ್ಕೆ 11ರಿಂದ 15 ಸಾವಿರ. ಮನೆಯಿಂದಲೇ ಓಡಾಡಿದರೆ ನಾಲ್ಕು ವರ್ಷ 60 ಸಾವಿರದೊಳಗೆ ಮುಗಿಯುತ್ತದೆ. ಫ್ಲೋರಿಡಾದವರಿಗೆ ಇನ್ನೂ ಅಗ್ಗ. ಅಲ್ಲಿನ ಮುಖ್ಯ ಸರ್ಕಾರಿ ಯೂನಿವರ್ಸಿಟಿಯಲ್ಲಿ ರಾಜ್ಯದ ಮಕ್ಕಳಿಗೆ ಫೀಸು ವರ್ಷಕ್ಕೆ ಆರೂವರೆ ಸಾವಿರ ಡಾಲರ್ ದಾಟುವುದಿಲ್ಲ. ಇಷ್ಟು ಗೊತ್ತಿದ್ದ ಮೇಲೆ ಲೆಕ್ಕ ಬಲ್ಲ ಯಾವ ಮನುಷ್ಯನಾದರೂ ಏನು ಮಾಡುತ್ತಾನೆ? ಸರಿಯಾಗಿ ಊಹಿಸಿದಿರಿ. ಮನೆ ಮೇಲೆ ಎರಡನೇ ಸಾಲ ತೆಗೆದು ಬಾಸ್ಟನ್ನಿಗೆ ಟಿಕೆಟ್ ಮಾಡಿಸುತ್ತಾನೆ.

ಅವನು ಲೆಕ್ಕ ಬಾರದವನಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಡಲ್ಲಾಸಿನ ಉತ್ತರಕ್ಕೆ, ಫ್ರಿಸ್ಕೊ, ಪ್ಲೇನೊ ಕಡೆಯ ಕನ್ನಡದ ಮನೆಗಳಲ್ಲಿ ಈಗ ಕಾಲೇಜಿನ ವಯಸ್ಸಿಗೆ ಬಂದ ಮಕ್ಕಳ ಅಪ್ಪಂದಿರು ಬಹುತೇಕ 1990ರ ದಶಕದ ಸಿಇಟಿ ಬ್ಯಾಚಿನವರು. ಆ ಕಾಲ ಹೇಗಿತ್ತು ಎಂಬುದನ್ನು ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಈ ಕಾಯಿಲೆಯ ಮೂಲ ಸಿಗುವುದಿಲ್ಲ.

ಕ್ಯಾಪಿಟೇಷನ್, ಅಂದರೆ ಸೀಟಿಗೆಂದು ಹಣ ಪಡೆಯುವುದನ್ನು, ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿತ್ತು. ಕಾಯ್ದೆ ಬಂತು, ಹಣ ಪಡೆಯುವುದು ನಿಲ್ಲಲಿಲ್ಲ. 1989ರಲ್ಲಿ ಸರ್ಕಾರವೇ ಖಾಸಗಿ ಮೆಡಿಕಲ್ ಕಾಲೇಜುಗಳ ರೇಟು ಗೊತ್ತು ಮಾಡಿತು: ಸರ್ಕಾರಿ ಕೋಟಾದವರಿಗೆ ವರ್ಷಕ್ಕೆ 2 ಸಾವಿರ ರೂಪಾಯಿ, ಕರ್ನಾಟಕದ ಉಳಿದವರಿಗೆ 25 ಸಾವಿರ, ಹೊರರಾಜ್ಯದವರಿಗೆ 60 ಸಾವಿರ. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಇದು ಬೇರೆ ಹೆಸರಿನ ಕ್ಯಾಪಿಟೇಷನ್ನೇ ಎಂದು 1992ರಲ್ಲಿ ಕೋರ್ಟು ಹೇಳಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂದು, ಖಾಸಗಿ ಕಾಲೇಜುಗಳಲ್ಲಿ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಎಂದಾಯಿತು. ಮುಂದಿನ ಹತ್ತು ವರ್ಷ ಕರ್ನಾಟಕದ ಮಧ್ಯಮವರ್ಗಕ್ಕೆ ಕಂಡದ್ದು ಎರಡೇ ಜಾತಿ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಹಾಲಿನ ಬೂತಿನ ಮುಂದೆ ಒಂದೇ ಪ್ರಶ್ನೆ: "ನಿಮ್ಮ ಹುಡುಗನಿಗೆ ಫ್ರೀನಾ, ಪೇಮೆಂಟಾ?" ಫ್ರೀ ಎಂದವರು ಎದೆಯುಬ್ಬಿಸಿ ಹೇಳುತ್ತಿದ್ದರು. ಪೇಮೆಂಟ್‌ನವರು ಕಾಲೇಜಿನ ಹೆಸರು ಹೇಳಿ, ಅಲ್ಲಿನ ಕಟ್ಟಡ ಎಷ್ಟು ಚೆನ್ನಾಗಿದೆ ಎಂದು ಮಾತು ತಿರುಗಿಸುತ್ತಿದ್ದರು. ದುಡ್ಡು ಕೊಟ್ಟು ತಗೊಂಡ ಸೀಟು ಎಂದರೆ ಮಾರ್ಕ್ಸಿಲ್ಲದ ಸೀಟು; ಅಷ್ಟು ಸರಳ.

ನಮ್ಮ ಕಥೆಯ ಅಪ್ಪ ಫ್ರೀ ಸೀಟಿನವನು. ರ‍್ಯಾಂಕಿನ ಬಲದ ಮೇಲೆ, ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ ಫೀಸು ಕಟ್ಟಿ, ಗೋಡೆಯ ಸುಣ್ಣ ಉದುರುವ ಹಾಸ್ಟೆಲಿನಲ್ಲಿದ್ದು ಎಂಜಿನಿಯರಾದ. ಆ ಡಿಗ್ರಿ ಅವನನ್ನು ಇಲ್ಲಿಗೆ ತಂದಿತು, ಮನೆ ಕೊಡಿಸಿತು, ಮನೆ ಮುಂದೆ ಎರಡು ಟೆಸ್ಲಾ ನಿಲ್ಲಿಸಿತು. ಯಾವ ಅಮೆರಿಕನ್ ಮ್ಯಾನೇಜರೂ ಅವನ ಕಾಲೇಜು ಯಾವುದೆಂದು ಕೇಳಿಲ್ಲ, ಕೇಳಿದ್ದರೂ ಉಚ್ಚರಿಸಲು ಬರುತ್ತಿರಲಿಲ್ಲ. ಅಗ್ಗದ ಕಾಲೇಜಿನಿಂದ ಮನುಷ್ಯ ಮೇಲೆ ಬರಬಹುದು ಎಂಬುದಕ್ಕೆ ಇವನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಸಾಕ್ಷಿ ಈಗ ತನ್ನ ವಿರುದ್ಧ ತಾನೇ ಹೇಳಿಕೆ ಕೊಡುತ್ತಿದೆ.

ಐವಿ ಲೀಗಿನ ಫಲಿತಾಂಶ ಪ್ರಕಟವಾಗುವುದು ಮಾರ್ಚ್ ಕೊನೆಯಲ್ಲಿ. ನಮ್ಮ ಯುಗಾದಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹೀಗಾಗಿ ಕನ್ನಡ ಸಂಘದ ಯುಗಾದಿ ಊಟದ ಸಾಲು ಎಂದರೆ ಒಂದು ರೀತಿಯಲ್ಲಿ ಪದವಿ ಪ್ರದಾನ ಸಮಾರಂಭ. ಥರ್ಮಾಕೋಲ್ ತಟ್ಟೆಯಲ್ಲಿ ಒಬ್ಬಟ್ಟು ಹಿಡಿದವರು ಕೇಳುತ್ತಾರೆ:

"ಮಗಳಿಗೆ ಎಲ್ಲಾಯ್ತು ಸಾರ್?"

"ಈಸ್ಟ್ ಕೋಸ್ಟು."

ಅಷ್ಟೇ. ಹೆಸರು ಹೇಳುವುದಿಲ್ಲ. ಹೆಸರು ಹೇಳದಿರುವುದೇ ಇಲ್ಲಿನ ಶೈಲಿ. ಎದುರಿನವರು ಎರಡು ಸಲ ಕೇಳಬೇಕು, ಮೂರನೆಯ ಸಲಕ್ಕೆ ಅರ್ಧಾಂಗಿ ಹೇಳಬೇಕು. ಸಾಲಿನಲ್ಲಿ ಅವರ ಹಿಂದೆ ನಿಂತಿರುವಾಕೆಯ ಮಗ ಯೂನಿವರ್ಸಿಟಿ ಆಫ್ ಟೆಕ್ಸಾಸ್ ಅಟ್ ಡಲ್ಲಾಸ್‌ಗೆ ಸೇರುತ್ತಿದ್ದಾನೆ. ಮನೆಯಿಂದ ಇಪ್ಪತ್ತು ನಿಮಿಷದ ದಾರಿ, ಪೂರ್ತಿ ಫೀಸಿನ ಸ್ಕಾಲರ್‌ಶಿಪ್ಪು, ಮೇಲೆ ಕೈಖರ್ಚಿಗೆ ದುಡ್ಡು. ಆಕೆ ಇದನ್ನು ಹೇಳುವಾಗ ದನಿ ತಗ್ಗುತ್ತದೆ.

"ನಮ್ಮೋನು ಇಲ್ಲೇ... ಯುಟಿಡಿ. ಫುಲ್ ಸ್ಕಾಲರ್‌ಶಿಪ್ ಬಂತು, ಅದಕ್ಕೇ..."

"ಓ. ಪರವಾಗಿಲ್ಲ ಬಿಡಿ ಮೇಡಂ. ಮುಂದೆ ಮೆಡಿಕಲ್‌ಗಾದ್ರೂ ಒಳ್ಳೇ ಕಡೆ ಹೋಗ್ಲಿ."

ಇದು ಅಭಿನಂದನೆಯಲ್ಲ, ಸಂತಾಪ. ಮೂವತ್ತು ವರ್ಷ ಹಿಂದೆ ಎದೆಯುಬ್ಬಿಸಿ "ಫ್ರೀ" ಎಂದಿದ್ದ ಅದೇ ಮನುಷ್ಯ ಇವತ್ತು ಪಕ್ಕದ ಮನೆಯ ಫ್ರೀ ಸೀಟಿನ ಹುಡುಗನಿಗೆ ಮರುಕ ಪಡುತ್ತಿದ್ದಾನೆ. ತಾನು ಕೊಂಡದ್ದು ಪೇಮೆಂಟ್ ಸೀಟು ಎಂದು ಯಾರಾದರೂ ಅವನಿಗೆ ನೆನಪಿಸಿದರೆ ಒಬ್ಬಟ್ಟು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಆದ್ದರಿಂದ ನಾನು ನೆನಪಿಸಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಈಸ್ಟ್ ಕೋಸ್ಟಿನ ಸೀಟು ಮಾರ್ಕ್ಸಿಲ್ಲದೆ ಸಿಗುವುದಲ್ಲ. ಆ ಹುಡುಗಿ ರಾತ್ರಿಯೆಲ್ಲ ಕೂತು ಓದಿದ್ದಾಳೆ, ಭರತನಾಟ್ಯದ ರಂಗಪ್ರವೇಶ ಮಾಡಿದ್ದಾಳೆ, ಆಫ್ರಿಕಾದ ಯಾವುದೋ ಹಳ್ಳಿಗಾಗಿ ವೆಬ್‌ಸೈಟ್ ಮಾಡಿಕೊಟ್ಟಿದ್ದಾಳೆ. ಅವಳ ಬುದ್ಧಿಯ ಬಗ್ಗೆ ನನಗೆ ತಕರಾರಿಲ್ಲ. ಅಷ್ಟು ಬುದ್ಧಿಯಿರುವ ಹುಡುಗಿಗೆ ಎಲ್ಲಾದರೂ ಒಂದು ಕಡೆ ಪುಕ್ಕಟೆ ಓದು ಸಿಕ್ಕೇ ಸಿಗುತ್ತಿತ್ತು ಎಂಬುದೇ ನನ್ನ ತಕರಾರು. ಐವಿ ಲೀಗಿನ ಎಂಟು ಕಾಲೇಜುಗಳೂ ಮಾರ್ಕ್ಸ್ ನೋಡಿ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಆದಾಯ ನೋಡಿಯೇ ಕೊಡುವುದು. ಅತ್ತ ಅಲಬಾಮಾದ ಸರ್ಕಾರಿ ಯೂನಿವರ್ಸಿಟಿ ನ್ಯಾಷನಲ್ ಮೆರಿಟ್ ಫೈನಲಿಸ್ಟ್ ಎಂದು ಗೊತ್ತಾದರೆ ಫೀಸನ್ನೇ ಕೇಳುವುದಿಲ್ಲ. ಆದರೆ ಅಲಬಾಮಾ ಎಂದು ಊಟದ ಸಾಲಿನಲ್ಲಿ ಹೇಗೆ ಹೇಳುವುದು?

ಸರಿ, ಮೆಡಿಕಲ್ ಕಾಲೇಜಿನವರಾದರೂ ಹೆಸರು ನೋಡಿ ಮಣೆ ಹಾಕುತ್ತಾರೆಯೇ? ಅರ್ಜಿ ಹೋಗುವುದು ಒಂದು ಕೇಂದ್ರ ವ್ಯವಸ್ಥೆಯ ಮೂಲಕ. ಟೆಕ್ಸಾಸಿಗೆ ತನ್ನದೇ ಬೇರೆ ವ್ಯವಸ್ಥೆ ಇದೆ. ಎರಡರಲ್ಲೂ ಪ್ರತಿ ಕೋರ್ಸಿನ ಗ್ರೇಡನ್ನೂ ಮತ್ತೆ ಲೆಕ್ಕ ಹಾಕಿ ಜಿಪಿಎ ತೆಗೆಯುತ್ತಾರೆ. ಹಾರ್ವರ್ಡಿನ ಬಿ ಗ್ರೇಡಿಗೆ ಬೋನಸ್ ಇಲ್ಲ, ಯುಟಿಡಿಯ ಎ ಗ್ರೇಡಿಗೆ ದಂಡವಿಲ್ಲ. ಸರಾಸರಿ ಒಂದು ವರ್ಷದಲ್ಲಿ ಸುಮಾರು 52 ಸಾವಿರ ಮಂದಿ ಎಂಡಿ ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ, ಸೇರುವವರು ಸುಮಾರು 23 ಸಾವಿರ. ಸೇರಿದವರ ಸರಾಸರಿ ಜಿಪಿಎ 4ಕ್ಕೆ 3.7ರ ಮೇಲೆ, ಎಂಕ್ಯಾಟ್ 528ಕ್ಕೆ 511ರ ಮೇಲೆ. ಅತಿ ಹೆಚ್ಚು ಅರ್ಜಿದಾರರನ್ನು ಕಳಿಸುವ ಕಾಲೇಜುಗಳ ಪಟ್ಟಿಯ ನೆತ್ತಿಯ ಮೇಲೆ ವರ್ಷ ವರ್ಷವೂ ಕೂತಿರುವವು ಯುಸಿಎಲ್‌ಎ, ಟೆಕ್ಸಾಸ್ ಆಸ್ಟಿನ್, ಫ್ಲೋರಿಡಾ, ಮಿಷಿಗನ್‌ನಂಥ ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳು. ಹೆಸರಿಗೆ ಬೆಲೆಯೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಕೆಲವು ಖಾಸಗಿ ಮೆಡಿಕಲ್ ಕಾಲೇಜುಗಳು ಅತ್ತ ಒಂದು ಕಣ್ಣು ಹಾಯಿಸುತ್ತವೆ. ಆ ಒಂದು ಕಣ್ಣಿಗೆ 3 ಲಕ್ಷ ಡಾಲರ್ ದುಬಾರಿಯಾಯಿತು ಎಂದಷ್ಟೇ ನನ್ನ ಅಳಲು.

ಇನ್ನೂ ತಮಾಷೆ ಇದೆ. ಟೆಕ್ಸಾಸಿನ ಸರ್ಕಾರಿ ಮೆಡಿಕಲ್ ಕಾಲೇಜುಗಳು ನೂರಕ್ಕೆ ತೊಂಬತ್ತು ಸೀಟನ್ನು ಟೆಕ್ಸಾಸಿನವರಿಗೇ ಕೊಡಬೇಕೆಂದು ಕಾನೂನಿದೆ, ಫೀಸೂ ದೇಶದಲ್ಲೇ ಅತಿ ಕಡಿಮೆ ಇರುವ ಕಡೆಗಳಲ್ಲಿ ಒಂದು. ಹಾಗಾಗಿ ಈಸ್ಟ್ ಕೋಸ್ಟಿಗೆ ಹೋದ ಮಗಳು ನಾಲ್ಕು ವರ್ಷ ಕಳೆದು ಅರ್ಜಿ ಹಾಕುವುದು ಎಲ್ಲಿಗೆ? ಮತ್ತೆ ಟೆಕ್ಸಾಸಿಗೆ. ಇಂಟರ್‌ವ್ಯೂ ದಿನ ಅವಳ ಪಕ್ಕದ ಕುರ್ಚಿಯಲ್ಲಿ ಕೂತಿರುವವನು ಯಾರು? ಯುಟಿಡಿಯ ಆ ಹುಡುಗ. ಇಬ್ಬರದೂ ಒಂದೇ ಬಣ್ಣದ ಸೂಟು. ಒಬ್ಬಳ ಬೆನ್ನ ಮೇಲೆ ಮಾತ್ರ ಅಪ್ಪನ ಮನೆ ಕೂತಿದೆ.

ಜಿಪಿಎ ಎಂದೆನಲ್ಲ, ಅದು ಬೀಳುವ ಜಾಗ ಆರ್ಗ್ಯಾನಿಕ್ ಕೆಮಿಸ್ಟ್ರಿ. ಡಾಕ್ಟರಾಗುತ್ತೇನೆ ಎಂದು ಬಂದವರಲ್ಲಿ ದೊಡ್ಡ ಪಾಲು ಮಂದಿ ಅಲ್ಲಿಗೆ ಬಂದಾಗ ತಮಗೆ ಚಿಕ್ಕಂದಿನಿಂದಲೂ ಅರ್ಥಶಾಸ್ತ್ರದ ಮೇಲೆಯೇ ಪ್ರೀತಿ ಇತ್ತೆಂದು ಕಂಡುಕೊಳ್ಳುತ್ತಾರೆ. ದುಬಾರಿ ಕಾಲೇಜಿನಲ್ಲಿ ಈ ಕೋರ್ಸಿನ ವಿಶೇಷವೇನೆಂದರೆ, ತರಗತಿಯ ಉಳಿದ ಎಲ್ಲರೂ ತಮ್ಮ ತಮ್ಮ ಶಾಲೆಯ ಫಸ್ಟ್ ರ‍್ಯಾಂಕಿನವರು. ಗ್ರೇಡು ಅವರೊಳಗೇ ಹಂಚಬೇಕು. ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಮೇಟ್‌ಲ್ಯಾಂಡ್ ಜೋನ್ಸ್ ಎಂಬ ಪ್ರೊಫೆಸರು ಪಾಠ ಮಾಡುತ್ತಿದ್ದರು. ಈ ವಿಷಯಕ್ಕೆ ಹೆಸರಾಂತ ಪಠ್ಯಪುಸ್ತಕ ಬರೆದವರೇ ಅವರು. 2022ರಲ್ಲಿ ಅವರ ತರಗತಿಯ ಸುಮಾರು 350 ವಿದ್ಯಾರ್ಥಿಗಳಲ್ಲಿ 82 ಮಂದಿ, ಕೋರ್ಸು ಕಷ್ಟ, ನಮ್ಮ ಶ್ರಮಕ್ಕೆ ತಕ್ಕ ಗ್ರೇಡು ಬರುತ್ತಿಲ್ಲ ಎಂದು ಮನವಿ ಬರೆದರು. ಯೂನಿವರ್ಸಿಟಿ ಕೆಮಿಸ್ಟ್ರಿಯನ್ನು ಸುಲಭ ಮಾಡಲಾಗದೆ, 84 ವರ್ಷದ ಮೇಷ್ಟರ ಕರಾರನ್ನು ಮುಗಿಸಿತು. ದುಡ್ಡು ಕೊಟ್ಟವನೇ ಯಜಮಾನ. ಇದನ್ನು ನಮ್ಮ ಕಡೆಯ ಪೇಮೆಂಟ್ ಕಾಲೇಜುಗಳು ಎಷ್ಟೋ ಮೊದಲೇ ಕಂಡುಕೊಂಡಿದ್ದವು, ಪೇಟೆಂಟ್ ತೆಗೆಯಲಿಲ್ಲ ಅಷ್ಟೆ.

ಅದೇ ಯೂನಿವರ್ಸಿಟಿಯ ಇನ್ನೊಂದು ವಿಚಿತ್ರ. 2018ರಿಂದ ಅದರ ಮೆಡಿಕಲ್ ಕಾಲೇಜಿನಲ್ಲಿ ಓದುವ ಎಲ್ಲರಿಗೂ ಟ್ಯೂಷನ್ ಫೀಸು ಮಾಫಿ. ಡಾಕ್ಟರಿಕೆ ಪುಕ್ಕಟೆ, ಡಾಕ್ಟರಿಕೆಗೆ ಮುಂಚಿನ ಡಿಗ್ರಿಗೆ ಮಾತ್ರ ವರ್ಷಕ್ಕೆ 90 ಸಾವಿರದ ಬಿಲ್ಲು. 2024ರಲ್ಲಿ ರುತ್ ಗಾಟೆಸ್‌ಮನ್ ಎಂಬ ವೃದ್ಧೆ ನೂರು ಕೋಟಿ ಡಾಲರ್ ಕೊಟ್ಟು ಬ್ರಾಂಕ್ಸಿನ ಐನ್‌ಸ್ಟೈನ್ ಮೆಡಿಕಲ್ ಕಾಲೇಜನ್ನೂ ಉಚಿತ ಮಾಡಿದರು. ಪುಣ್ಯಾತ್ಮರು ಹುಟ್ಟುತ್ತಲೇ ಇದ್ದಾರೆ. ಆದರೆ ಅವರ ಛತ್ರ ಇರುವುದು ಯಾತ್ರೆಯ ಕೊನೆಯಲ್ಲಿ; ನಮ್ಮವರು ಜೇಬು ಖಾಲಿ ಮಾಡಿಕೊಳ್ಳುವುದು ಮೊದಲನೇ ಬಸ್ ಸ್ಟಾಪಿನಲ್ಲೇ.

ರ‍್ಯಾಂಕಿಂಗ್ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ, ಏಕೆಂದರೆ ಅಪ್ಪನ ಲ್ಯಾಪ್‌ಟಾಪಿನಲ್ಲಿ ಅದರ ಎಕ್ಸೆಲ್ ಶೀಟು ಯಾವಾಗಲೂ ತೆರೆದೇ ಇರುತ್ತದೆ. ಕೊಲಂಬಿಯಾ ಯೂನಿವರ್ಸಿಟಿ ಆ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿತ್ತು. 2022ರಲ್ಲಿ ಅಲ್ಲಿಯದೇ ಗಣಿತದ ಪ್ರೊಫೆಸರ್ ಮೈಕೆಲ್ ಥ್ಯಾಡಿಯಸ್, ನಮ್ಮ ಯೂನಿವರ್ಸಿಟಿ ಕೊಟ್ಟ ಅಂಕಿಗಳೇ ಸರಿಯಿಲ್ಲ ಎಂದು ಬರೆದರು. ಅದೇ ಸೆಪ್ಟೆಂಬರಿನಲ್ಲಿ ಕೊಲಂಬಿಯಾ 18ಕ್ಕೆ ಇಳಿಯಿತು. ಕಟ್ಟಡ ಅದೇ, ಮೇಷ್ಟರುಗಳು ಅವರೇ, ಗ್ರಂಥಾಲಯ ಅಲ್ಲೇ. ಇಳಿದದ್ದು ಸ್ಥಾನ ಮಾತ್ರ. ಫೀಸು ಇಳಿದ ಸುದ್ದಿ ಬರಲಿಲ್ಲ. ಮರುವರ್ಷದ ಜನವರಿಯಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲು, ಅದೇ ಪಟ್ಟಿಯವರು ಮಾಡುವ ಮೆಡಿಕಲ್ ಕಾಲೇಜುಗಳ ಪಟ್ಟಿಗೆ ಇನ್ನು ಮಾಹಿತಿ ಕೊಡುವುದಿಲ್ಲ ಎಂದಿತು. ಮೊದಲನೆಯ ಸ್ಥಾನದಲ್ಲಿ ಕೂತವರೇ ಆಟ ಸಾಕು ಎಂದು ಎದ್ದರೂ ನಮ್ಮವರು ಕವಡೆ ಕೆಳಗಿಡುತ್ತಿಲ್ಲ.

ಆಮೇಲೆ ಇನ್ನೊಂದು ಮಂತ್ರ: "ನಮ್ಮ ಪ್ರೀಮೆಡ್ ವಿದ್ಯಾರ್ಥಿಗಳಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಸೀಟು." ಕ್ಯಾಂಪಸ್ ತೋರಿಸುವ ಹುಡುಗಿ ಹಿಂದಕ್ಕೆ ನಡೆಯುತ್ತ ಇದನ್ನು ಹೇಳುತ್ತಾಳೆ, ಅಪ್ಪಂದಿರು ಮುಂದಕ್ಕೆ ನಡೆಯುತ್ತ ಬರೆದುಕೊಳ್ಳುತ್ತಾರೆ. ಈ ತೊಂಬತ್ತು ಬರುವ ಬಗೆ ಹೀಗೆ: ಕೆಲವು ಕಾಲೇಜುಗಳಲ್ಲಿ ಒಂದು ಪ್ರೀಮೆಡ್ ಸಮಿತಿ ಇರುತ್ತದೆ. ಮೆಡಿಕಲ್‌ಗೆ ಅರ್ಜಿ ಹಾಕಲು ಅದರ ಶಿಫಾರಸು ಪತ್ರ ಬೇಕು. ಗ್ರೇಡು ಸ್ವಲ್ಪ ಕಮ್ಮಿಯಿದ್ದವರನ್ನು ಸಮಿತಿ ಕರೆದು, ಈ ವರ್ಷ ಬೇಡ ಮಗಾ ಎಂದು ಬೆನ್ನು ತಟ್ಟಿ ಕಳಿಸುತ್ತದೆ. ಉಳಿದವರಲ್ಲಿ ತೊಂಬತ್ತು. ನಮ್ಮೂರಿನ ಕೆಲವು ಹೈಸ್ಕೂಲುಗಳು ಎಸ್ಸೆಸ್ಸೆಲ್ಸಿಗೆ ನೂರಕ್ಕೆ ನೂರು ಫಲಿತಾಂಶ ತರಲು, ಡುಮ್ಕಿ ಹೊಡೆಯುವ ಹುಡುಗರನ್ನು ಒಂಬತ್ತನೇ ಕ್ಲಾಸಿನಲ್ಲೇ ಟಿಸಿ ಕೊಟ್ಟು ಸಾಗಹಾಕುತ್ತಿದ್ದವು. ನಮ್ಮ ಅಪ್ಪ ಅಂಥ ಹೈಸ್ಕೂಲಿನ ಬಗ್ಗೆ ಈಗಲೂ ಕೋಪದಿಂದಲೇ ಮಾತಾಡುತ್ತಾನೆ.

ಈಗ ಕಾಗದಕ್ಕೆ ಬರೋಣ. ಏಪ್ರಿಲ್ ಮೊದಲ ವಾರ ನಮ್ಮ ಬೀದಿಯ ಒಬ್ಬರು ಒಂದು ಕಾಲೇಜಿನ ಸಹಾಯಧನದ ಪತ್ರ ತಂದು ನನ್ನ ಟೇಬಲ್ ಮೇಲೆ ಹರಡಿದರು. ಮುಖದಲ್ಲಿ ಬೆಳಕು. ದಪ್ಪನೆಯ ಕಾಗದ, ಮೇಲೆ ಲ್ಯಾಟಿನ್ ಮುದ್ರೆ, ಅಭಿನಂದನೆಗಳು ಎಂಬ ದೊಡ್ಡಕ್ಷರ. ಕೆಳಗೆ ಒಂದೇ ಕಾಲಂ. ವರ್ಷದ ಖರ್ಚು: 88,000. ಕಾಲೇಜಿನ ಅನುದಾನ: 4,000. ಫೆಡರಲ್ ವಿದ್ಯಾರ್ಥಿ ಸಾಲ: 5,500. ಪೇರೆಂಟ್ ಪ್ಲಸ್: 78,500. ಒಟ್ಟು ಸಹಾಯ: 88,000. ನಿಮ್ಮ ಬಾಕಿ: 0.

"ಬಾಕಿ ಸೊನ್ನೆ ಅಂತಿದೆ ನೋಡಿ," ಎಂದರು.

"ಈ ಪೇರೆಂಟ್ ಪ್ಲಸ್ ಅಂದ್ರೆ ಏನು ಗೊತ್ತಾ ಸಾರ್?"

"ಪೇರೆಂಟ್ಸ್‌ಗೆ ಕೊಡೋದಲ್ವಾ?"

"ಪೇರೆಂಟ್ಸ್‌ಗೆ ಕೊಡೋ ಸಾಲ. ಬಡ್ಡಿ ನೂರಕ್ಕೆ ಒಂಬತ್ತರ ಹತ್ತಿರ. ಕೈಗೆ ಕೊಡೋಕೆ ಮುಂಚೆ ನೂರಕ್ಕೆ ನಾಲ್ಕು ಡಾಲರ್ ಚಿಲ್ಲರೆ ಮುರ್ಕೊಳ್ತಾರೆ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಸೊನ್ನೆ ಅಲ್ಲೇ ಇತ್ತು. ಅವರ ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಕಾಗದವನ್ನು ಒಂದು ಸಲ ಕಣ್ಣಾಡಿಸಿ, "ನಮ್ಮ ಬ್ಯಾಂಕು ಇಂಥ ಕಾಗದ ಕಳಿಸಿದ್ರೆ ನಾಳೆ ಬೀಗ ಹಾಕ್ತಾರೆ," ಎಂದರು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2022ರಲ್ಲಿ ಇಂಥ ಪತ್ರಗಳನ್ನು ಪರಿಶೀಲಿಸಿ, ನೂರಕ್ಕೆ 91 ಕಾಲೇಜುಗಳು ನಿವ್ವಳ ಖರ್ಚನ್ನು ತಿಳಿಸುವುದೇ ಇಲ್ಲ ಅಥವಾ ಕಡಿಮೆ ಮಾಡಿ ತೋರಿಸುತ್ತವೆ ಎಂದು ಅಂದಾಜಿಸಿತು. ಸಾಲವನ್ನೂ ಸ್ಕಾಲರ್‌ಶಿಪ್ಪನ್ನೂ ಒಂದೇ ಕಾಲಂನಲ್ಲಿ ಕೂಡಿಸಿ ಮೊತ್ತ ತೋರಿಸುವ ಜಾಣತನ ಒಂದು ಕಾಲೇಜಿನದಲ್ಲ. ಊರಿಗೆಲ್ಲ ಹಬ್ಬಿದ ಕಲೆ. ತುಮಕೂರು ರಸ್ತೆಯ ಬಡ್ಡಿ ವ್ಯಾಪಾರಿಗೂ ಸಾಲವನ್ನು ಸಹಾಯವೆಂದು ಬರೆದು ಅಭಿನಂದಿಸುವ ಧೈರ್ಯ ಬಂದಿಲ್ಲ.

ಆ ಕಾಗದದ ಆಟ ಇನ್ನು ಹಾಗೆಯೇ ನಡೆಯುವುದಿಲ್ಲ. ಟ್ರಂಪ್ 2025ರ ಜುಲೈ 4ರಂದು ಸಹಿ ಹಾಕಿದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ತಂದೆತಾಯಿಗೆ ಪೇರೆಂಟ್ ಪ್ಲಸ್ ಒಂದು ಮಗುವಿಗೆ ವರ್ಷಕ್ಕೆ 20 ಸಾವಿರ, ಒಟ್ಟು 65 ಸಾವಿರ ಮಾತ್ರ. ಮೆಡಿಕಲ್ ಓದುವವರು ಖರ್ಚಿದ್ದಷ್ಟೂ ತೆಗೆಯಬಹುದಾಗಿದ್ದ ಗ್ರ್ಯಾಡ್ ಪ್ಲಸ್ ಸಾಲ ಹೊಸಬರಿಗೆ ಬಂದ್. ಅವರಿಗೆ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ. ಖಾಸಗಿ ಮೆಡಿಕಲ್ ಕಾಲೇಜಿನ ನಾಲ್ಕು ವರ್ಷದ ಖರ್ಚು ಎಷ್ಟೋ ಕಡೆ 3 ಲಕ್ಷ ದಾಟಿ 4 ಲಕ್ಷದತ್ತ ನಡೆದಿದೆ. ನಡುವಿನ ಕಂದಕ ತುಂಬುವವರು ಯಾರು? ಖಾಸಗಿ ಬ್ಯಾಂಕು. ಅದಕ್ಕೆ ಜಾಮೀನು ನಿಲ್ಲುವವರು ಯಾರು? ಮೊದಲ ನಾಲ್ಕು ವರ್ಷಕ್ಕೆ ಮನೆಯನ್ನೇ ಒತ್ತೆಯಿಟ್ಟ ಅದೇ ಅಪ್ಪ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯಲ್ಲಿ ಕನಿಷ್ಠ ಹೂವು ಅಗ್ಗವಾಗಿತ್ತು.

ನಗುವ ಮಾತಲ್ಲದ ಒಂದು ಸಂಗತಿ ಇದೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವರ ಮಕ್ಕಳು ಅಪ್ಪ ಅಮ್ಮನ ವೀಸಾವನ್ನು ಅವಲಂಬಿಸಿದ ಹೆಚ್-4 ವೀಸಾದಲ್ಲಿ ಇಲ್ಲೇ ಬೆಳೆದವರು. 21 ತುಂಬಿದ ದಿನ ಆ ವೀಸಾ ಕಳಚಿಬೀಳುತ್ತದೆ. ಡಿಗ್ರಿಯ ಮೂರನೇ ವರ್ಷದಲ್ಲೋ ನಾಲ್ಕನೇ ವರ್ಷದಲ್ಲೋ ಆ ಹುಟ್ಟುಹಬ್ಬ ಬರುತ್ತದೆ. ಒಂದನೇ ಕ್ಲಾಸಿನಿಂದ ಟೆಕ್ಸಾಸಿನಲ್ಲೇ ಓದಿದ ಹುಡುಗಿ ಅಂದಿನಿಂದ ಕಾಗದದ ಮೇಲೆ ವಿದೇಶಿ ವಿದ್ಯಾರ್ಥಿನಿ. ಅವಳಿಗೆ ಫೆಡರಲ್ ಸಾಲ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ. ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೇ ನೋಡದ ಮೆಡಿಕಲ್ ಕಾಲೇಜುಗಳೇ ಇಲ್ಲಿ ಹೆಚ್ಚು. ನೋಡುವ ಕೆಲವು ಕಡೆ ನಾಲ್ಕು ವರ್ಷದ ದುಡ್ಡು ಬ್ಯಾಂಕಿನಲ್ಲಿ ಇದೆಯೆಂದು ಮೊದಲೇ ತೋರಿಸು ಎನ್ನುತ್ತಾರೆ. ಇಂಥ ಮನೆಯವರು ಪ್ರೀಮೆಡ್‌ಗೆ ಹೆಸರಿನ ಕಾಲೇಜು ಹುಡುಕುವುದನ್ನು ಕಂಡಾಗ ನನಗೆ ವ್ಯಂಗ್ಯವೇ ಹೊಳೆಯುವುದಿಲ್ಲ. ಅವರು ಮೊದಲು ಮಾತಾಡಬೇಕಾದ್ದು ವಕೀಲರ ಹತ್ತಿರ.

ಹಾಗಾದರೆ ಹಾರ್ವರ್ಡಿಗೆ ಯಾರೂ ಹೋಗಬಾರದೇ? ಹೋಗಬೇಕು, ಬಡವರು. ವರ್ಷಕ್ಕೆ ಲಕ್ಷ ಡಾಲರಿನೊಳಗೆ ದುಡಿಯುವ ಮನೆಯವರಿಗೆ ಅಲ್ಲಿ ಊಟ, ವಸತಿ, ಫೀಸು ಎಲ್ಲ ಉಚಿತ. 2 ಲಕ್ಷದೊಳಗಿನವರಿಗೆ ಟ್ಯೂಷನ್ ಇಲ್ಲ ಎಂದು 2025ರಲ್ಲಿ ಸಾರಿದ್ದಾರೆ. ಕಾರು ತೊಳೆಯುವವನ ಮಗಳಿಗೆ ಊರಿನ ಸರ್ಕಾರಿ ಕಾಲೇಜಿಗಿಂತ ಹಾರ್ವರ್ಡೇ ಅಗ್ಗವಾಗಬಹುದು. ಆದರೆ ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರಿನಲ್ಲಿರುವ ನಮ್ಮ ಮನೆಗಳು ಯಾವ ಪಟ್ಟಿಗೂ ಸೇರುವುದಿಲ್ಲ. ಸಹಾಯ ಕೇಳಲು ಆದಾಯ ಹೆಚ್ಚು, ಪೂರ್ತಿ ಕಟ್ಟಲು ಉಳಿತಾಯ ಕಮ್ಮಿ. ಈ ಯೂನಿವರ್ಸಿಟಿಗಳ ಖಜಾನೆ ತುಂಬುವ ಪುಣ್ಯ ಬಹುಮಟ್ಟಿಗೆ ಈ ವರ್ಗದ್ದೇ. ಬಡವರ ಮಕ್ಕಳನ್ನು ಓದಿಸುವ ದಾನಿಗಳ ಹೆಸರನ್ನು ಕಟ್ಟಡದ ಮೇಲೆ ಕೆತ್ತುತ್ತಾರೆ. ನಮ್ಮವರಿಗೆ ಸಿಗುವುದು ಕಾರಿನ ಹಿಂದಿನ ಗಾಜಿಗೆ ಅಂಟಿಸುವ ಸ್ಟಿಕರು. ಅದಕ್ಕೂ ಬೇರೆ ದುಡ್ಡು.

ಡಾಕ್ಟರಾದ ಮೇಲಾದರೂ ಯಾರು ಕೇಳುತ್ತಾರೆ? ಎದೆನೋವೆಂದು ಬಂದ ರೋಗಿ, "ಡಾಕ್ಟರೇ, ನೀವು ಕೆಮಿಸ್ಟ್ರಿ ಓದಿದ್ದು ಯಾವ ಕಾಲೇಜಿನಲ್ಲಿ?" ಎಂದು ಕೇಳಿದ್ದನ್ನು ನಾನಂತೂ ಕೇಳಿಲ್ಲ. ಅವರು ಕೇಳುವುದು ನಮ್ಮ ಇನ್ಶೂರೆನ್ಸ್ ನಡೆಯುತ್ತದೆಯೇ ಎಂದು. ರೆಸಿಡೆನ್ಸಿಗೆ ಆರಿಸುವವರು ನೋಡುವುದು ಮೆಡಿಕಲ್ ಕಾಲೇಜು, ಪರೀಕ್ಷೆ, ಅಲ್ಲಿನ ಪತ್ರಗಳು. ಮೊದಲ ನಾಲ್ಕು ವರ್ಷದ ಹೆಸರು ಉಳಿಯುವುದು ಎರಡೇ ಕಡೆ, ಸಾಲದ ಸ್ಟೇಟ್‌ಮೆಂಟಿನಲ್ಲಿ ಮತ್ತು ಅಮ್ಮನ ಫೇಸ್‌ಬುಕ್ಕಿನಲ್ಲಿ.

ಆ ಹುಡುಗಿಗೆ ಏನನ್ನಿಸುತ್ತದೆ ಎಂದು ಯಾರೂ ಕೇಳಿದಂತಿಲ್ಲ. ಯುಗಾದಿಯ ದಿನ ಕೈತೊಳೆಯುವ ಜಾಗದಲ್ಲಿ ಸಿಕ್ಕಿದಳು. ಅಭಿನಂದನೆ ಹೇಳಿದೆ. "ಥ್ಯಾಂಕ್ಸ್ ಅಂಕಲ್," ಎಂದಳು. "ಆಕ್ಚುಯಲೀ ಆಸ್ಟಿನ್ ನಂಗೆ ಓಕೆ ಇತ್ತು. ಅಪ್ಪಂಗೆ ಇದು ಬೇಕಿತ್ತು." ಅವಳಿಗೆ ಸಿಟ್ಟಿರಲಿಲ್ಲ. ಅಪ್ಪನಿಗೆ ಆಟಿಕೆ ಕೊಡಿಸಿದವಳ ಸಮಾಧಾನವಿತ್ತು. ಬೆಲೆ ಕಟ್ಟುವಾಗ ಅವಳ ಹೆಸರೂ ಬರುತ್ತದೆ ಎಂಬುದು ಹದಿನೇಳರಲ್ಲಿ ಹೊಳೆಯುವ ವಿಷಯವಲ್ಲ.

ಮಗಳೋ ಮಗನೋ ಡಾಕ್ಟರಾಗುತ್ತೇನೆ ಎನ್ನುವ ಮನೆಯವರಿಗೆ ನನ್ನದೊಂದು ಕೋರಿಕೆ. ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡಬೇಕೆಂದು 2011ರಿಂದ ಕಾನೂನಿದೆ. ಕ್ಯಾಂಪಸ್ ನೋಡಲು ವಿಮಾನದ ಟಿಕೆಟ್ ತೆಗೆಯುವ ಮೊದಲು ಅದರಲ್ಲಿ ನಿಮ್ಮ ಆದಾಯ ಹಾಕಿ ನೋಡಿ. ಸಹಾಯಧನದ ಪತ್ರ ಬಂದರೆ ಸಾಲದ ಸಾಲುಗಳನ್ನೆಲ್ಲ ಪೆನ್ನಿನಲ್ಲಿ ಹೊಡೆದುಹಾಕಿ, ಉಳಿದ ಅನುದಾನವನ್ನಷ್ಟೇ ವರ್ಷದ ಖರ್ಚಿನಿಂದ ಕಳೆಯಿರಿ. ಬಂದ ಮೊತ್ತವನ್ನು ಎಂಟರಿಂದ ಗುಣಿಸಿ, ನಾಲ್ಕರಿಂದ ಅಲ್ಲ, ಏಕೆಂದರೆ ಮೆಡಿಕಲ್ ಇನ್ನೂ ಮುಂದಿದೆ. ಸೇರುವ ಕಾಲೇಜು ಗೊತ್ತು ಮಾಡಿ ಡಿಪಾಸಿಟ್ ಕಟ್ಟಲು ಬಹುತೇಕ ಕಡೆ ಮೇ 1 ಕೊನೆಯ ದಿನ. ಕಟ್ಟಿದ ಡಿಪಾಸಿಟ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.